ಎರಡು ಇಂಚಿನ ಉಸಿರು

ನನ್ನ ಎದೆ ಇಪ್ಪತ್ತೊಂಬತ್ತು ಇಂಚು ಎಂದು ಮೊದಲು ಹೇಳಿದವನು ಶಿರಸಿಯ ನಮ್ಮ ಕೇರಿಯ ದರ್ಜಿ. ಅದನ್ನು ಅವನು ನನ್ನ ಕಿವಿಯಲ್ಲಿ ಹೇಳಬಹುದಿತ್ತು. ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಕೂತು ಎಲೆಯಡಿಕೆ ಹಾಕುತ್ತಿದ್ದರು. ಅವರೆಲ್ಲರ ಎದುರು ಟೇಪನ್ನು ನನ್ನ ಸುತ್ತ ಸುತ್ತಿ, ಕಣ್ಣು ಕಿರಿದು ಮಾಡಿ ನೋಡಿ, "ಇಪ್ಪತ್ತೊಂಬತ್ತು. ಅಂಗಿ ಸೇರಿ" ಎಂದ.

ಏಕೀಕರಣವಾಗಿ ಎರಡು ಮೂರು ವರ್ಷ ಕಳೆದಿದ್ದ ಕಾಲ. ನನಗೆ ಇಪ್ಪತ್ತೆರಡು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿತ್ತು, ಮೆಟ್ರಿಕ್ ಆಗಿರಲಿಲ್ಲ. ಅರಣ್ಯ ಇಲಾಖೆಗೆ ಗಾರ್ಡುಗಳು ಬೇಕೆಂದು ಅವರ ಮರದ ಡಿಪೋದ ಗೋಡೆಗೆ ಒಂದು ನೋಟೀಸು ಹಚ್ಚಿದ್ದರು. ಅದನ್ನು ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಂದಿದ್ದೆ. ಎದೆ ಮೂವತ್ತೊಂದು ಇಂಚು ಇರಬೇಕು, ಉಸಿರು ತುಂಬಿದಾಗ ಇನ್ನೂ ಎರಡು ಇಂಚು ಹಿಗ್ಗಬೇಕು, ನಾಲ್ಕು ತಾಸಿನಲ್ಲಿ ಹದಿನಾರು ಮೈಲಿ ನಡೆಯಬೇಕು. ಎತ್ತರವೂ ಇಷ್ಟಿರಬೇಕೆಂದು ಇತ್ತು. ಎತ್ತರದ ಚಿಂತೆ ನನಗಿರಲಿಲ್ಲ. ನನ್ನನ್ನು ಮಾಡುವಾಗ ದೇವರಿಗೆ ಹಿಟ್ಟು ಸಾಲದೆ ಉದ್ದಕ್ಕೆ ಎಳೆದು ಮುಗಿಸಿದ್ದ.

ಈ ನೌಕರಿ ಸಿಗದಿದ್ದರೆ ಏನು ಎಂಬುದು ಮೊದಲೇ ತೀರ್ಮಾನವಾಗಿತ್ತು. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವನ ಖಾನಾವಳಿ ಇತ್ತು. ದೀಪಾವಳಿಯ ತನಕ ನೋಡುತ್ತೇನೆ, ಆಮೇಲೆ ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅವನು ಕಾರ್ಡು ಬರೆದಿದ್ದ. ಹಿಂದೊಮ್ಮೆ ಒಂದು ತಿಂಗಳು ಅಲ್ಲಿ ಇದ್ದು ಬಂದಿದ್ದೆ. ಬೆಳಿಗ್ಗೆ ಈರುಳ್ಳಿ ಹೆಚ್ಚುತ್ತ ಅಳುತ್ತಿದ್ದೆ. ಮಧ್ಯಾಹ್ನ ಈರುಳ್ಳಿ ಇಲ್ಲದೆಯೂ ಅಳುತ್ತಿದ್ದೆ.

ಮನೆಯಲ್ಲಿ ನಾನು ಮತ್ತು ಆಯಿ ಇಬ್ಬರೇ. ನೋಟೀಸಿನ ವಿಷಯ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು.

"ಫಾರೆಸ್ಟಿಗೆ ಹೋದ್ರೆ ಹುಲಿ ಇರ್ತು ಹೇಳಿ ಗೊತ್ತಿದ್ದಲ?" ಎಂದಳು.

"ಗೊತ್ತಿದ್ದು."

"ಹೆದ್ರಿಕೆ ಆಗ್ತಿಲ್ಯ?"

"ಆಗ್ತು. ಆದ್ರೆ ಹುಲಿ ದಿನಾ ಇನ್ನೂರು ಚಪಾತಿ ಕೇಳ್ತಿಲ್ಲೆ."

ಮಾವ ಅವಳ ಖಾಸಾ ಅಣ್ಣ. ಆದರೂ ಅವಳು ಮುಖಕ್ಕೆ ಮೊರ ಅಡ್ಡ ಹಿಡಿದು ನಕ್ಕಳು.

ಗರಡಿಗೆ ಹೋಗು ಎಂದು ದಾರಿ ತೋರಿಸಿದವನು ಅದೇ ದರ್ಜಿ. ಅಂಗಿಯನ್ನು ಸ್ವಲ್ಪ ದೊಗಲೆಯಾಗಿ, ಎದೆಯ ಹತ್ತಿರ ನೆರಿಗೆ ಇಟ್ಟು ಹೊಲಿದರೆ ಅಳೆಯುವವರಿಗೆ ಗೊತ್ತಾಗುತ್ತದೆಯೇ ಎಂದು ನಾನು ಮೆಲ್ಲಗೆ ಕೇಳಿದ್ದೆ. "ಅಲ್ಲಿ ಅಂಗಿ ಬಿಚ್ಚಿಸ್ತಾರೆ ಮಾರಾಯ್ರೆ. ನಾನು ಬಟ್ಟೆ ಹೊಲಿಯೋನು, ಎದೆ ಹೊಲಿಯೋಕೆ ಬರೋದಿಲ್ಲ. ಅದಕ್ಕೆ ಬೇರೆಯವರಿದ್ದಾರೆ, ಬನವಾಸಿ ರಸ್ತೆಗೆ ಹೋಗಿ" ಎಂದ.

ಆ ಬೇರೆಯವರೇ ವಸ್ತಾದರು. ಗರಡಿಯಲ್ಲಿ ಕುಸ್ತಿ ಕಲಿಸುವವರಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅವರ ಮನೆ, ಹೊಲ ಎಲ್ಲ ಗುಡ್ನಾಪುರದಲ್ಲಿ. ಶಿರಸಿಯಲ್ಲಿ ಒಂದು ಅಕ್ಕಿ ಅಂಗಡಿ, ಅದರ ಹಿಂದಿನ ತಗಡಿನ ಮಾಡಿನಲ್ಲಿ ಗರಡಿ. ಐವತ್ತು ದಾಟಿದ ಮನುಷ್ಯ. ಕುಸ್ತಿ ಆಡಿ ಆಡಿ ಎರಡು ಕಿವಿಗಳೂ ಒಣಗಿದ ಅಣಬೆಯಂತೆ ಮುರುಟಿದ್ದವು. ನಾನು ಹೋದಾಗ ಅಕ್ಕಿ ಮೂಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಬರ್ರಿ, ಬರ್ರಿ. ಏನ್ ಬೇಕಾಗಿತ್ರಿ?"

"ಎದೆ" ಎಂದೆ.

ಅವರು ಬಸಿಯನ್ನು ಕೆಳಗಿಟ್ಟರು. "ಎಷ್ಟ್ ಬೇಕ್ರಿ?"

"ಈಗ ಎರಡು ಇಂಚು. ಉಸಿರು ತುಂಬಿದ ಮೇಲೆ ಇನ್ನೆರಡು."

ನನ್ನ ತೋಳನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. "ಊಟಾ ಮಾಡ್ತೀರಿಲ್ಲೋ?"

"ಎರಡು ಹೊತ್ತೂ ಮಾಡ್ತೇನೆ."

"ಎಲ್ಲಿ ಹೊಕ್ಕೈತ್ರಿ ಅದು?"

ಚಿಂತೆಗೆ ಹೋಗುತ್ತದೆ ಎಂದು ಹೇಳಲಿಲ್ಲ. ಜೇಬಿನಲ್ಲಿದ್ದ ಕಾಗದ ತೆಗೆದು ನೋಟೀಸನ್ನು ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ಬಹಳ ಹೊತ್ತು ಹೊಟ್ಟೆ ಕುಲುಕಿಸಿ ನಕ್ಕರು. "ನನ್ ಕಡೆ ಬರೋರು ಇನ್ನೊಬ್ಬನ್ನ ಚಿತ್ ಮಾಡಾಕ ಬರ್ತಾರ್ರಿ. ಟೇಪಿನ್ನ ಚಿತ್ ಮಾಡಾಕ ಬಂದವ್ರು ನೀವ ಮೊದಲ."

ಫೀ ಎಷ್ಟು ಎಂದು ಕೇಳಿದ್ದಕ್ಕೆ ಅವರಿಗೆ ಬೇಸರವಾಯಿತು. ಗರಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೆ ಮಣ್ಣು ಮಾತ್ರ ಹೊಸಬನೇ ಅಗೆಯಬೇಕು ಎಂದರು. ಅದು ಅಲ್ಲಿಯ ರೀತಿ. ಕುಸ್ತಿಯ ಕೆಮ್ಮಣ್ಣನ್ನು ದಿನಾ ಬೆಳಿಗ್ಗೆ ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಕೈಯಲ್ಲಿ ಆಡಿಸಿ ಮೆತ್ತಗೆ ಮಾಡಬೇಕು. ವಾರಕ್ಕೊಮ್ಮೆ ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಬೇಕು. ಇನ್ನೊಂದು ಮಾತನ್ನೂ ಹೇಳಿದರು: "ಈಗ ರೀ ಅಂತೇನ್ರಿ. ಮಣ್ಣಿಗೆ ಇಳದ್ ಮ್ಯಾಲೆ ರೀ ಇಲ್ಲ."

ನಾನು ಧೋತರ ಬಿಚ್ಚಿ ಲಂಗೋಟಿಯಲ್ಲಿ ಮಣ್ಣಿಗೆ ಕಾಲಿಟ್ಟ ಕ್ಷಣವೇ, "ಏ ತಮ್ಮಾ, ಗುದ್ಲಿ ಹಿಡಿಯೋ" ಎಂಬ ಕೂಗು ಬಂತು.

ಹದಿನೈದು ದಿನ ಬರೀ ಅಗೆದೆ. ದಿನ ಕಳೆದಂತೆ ನನ್ನ ಚಿಂತೆ ಹೆಚ್ಚಿತು. ನೋಟೀಸಿನಲ್ಲಿ ಅಗೆಯುವ ವಿಷಯ ಒಂದಕ್ಷರವೂ ಇರಲಿಲ್ಲ. ಎದೆ ಯಾವಾಗ ಶುರುವಾಗುತ್ತದೆ ಎಂದು ಕೇಳಿದರೆ, "ಶುರು ಆಗೈತಿ, ನಿನಗ ತಿಳೀವಲ್ದು" ಎನ್ನುವರು. ಆಮೇಲೆ ದಂಡ ಹೊಡೆಸತೊಡಗಿದರು. ಅಂಗೈ ಊರಿ ಮೈಯನ್ನು ನೆಲದವರೆಗೆ ಇಳಿಸಿ ಮತ್ತೆ ಎತ್ತುವ ಕಸರತ್ತು ಅದು. ಮೊದಲ ದಿನ ಮೂರು ಹೊಡೆದೆ. ನಾಲ್ಕನೆಯದಕ್ಕೆ ಇಳಿದವನು ಏಳಲಿಲ್ಲ. ಗರಡಿಯ ಮಣ್ಣು ಸ್ವಲ್ಪ ಹುಳಿಯಾಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಹಾಕಿದ್ದು ನಮ್ಮ ಮನೆಯದೇ ಮಜ್ಜಿಗೆ.

ಆ ಮಜ್ಜಿಗೆಯ ಬಗ್ಗೆ ಆಯಿಗೆ ಸಮಾಧಾನವಿರಲಿಲ್ಲ. "ಮಣ್ಣಿಗೆ ಮಜ್ಜಿಗೆ ಹೊಯ್ತ್ವಡ. ಎಮ್ಮೆಗೆ ಗೊತ್ತಾದ್ರೆ ನಾಳೆಯಿಂದ ಹಾಲು ಕೊಡ್ತಿಲ್ಲೆ, ನೋಡು" ಎನ್ನುತ್ತಿದ್ದಳು. ಹಾಗೆನ್ನುತ್ತಲೇ ತಂಬಿಗೆ ತುಂಬಿ ಕೊಡುತ್ತಿದ್ದಳು.

ಚೌತಿಯ ಹೊತ್ತಿಗೆ ಇಪ್ಪತ್ತು ದಂಡ ಹೊಡೆಯುತ್ತಿದ್ದೆ. ಹಸಿವು ಅಂದರೆ ಏನೆಂದು ನನಗೆ ಮೊದಲ ಸಲ ತಿಳಿಯಿತು. ಅಲ್ಲಿಯವರೆಗೆ ಗಂಟೆ ನೋಡಿ ಉಣ್ಣುತ್ತಿದ್ದವನು, ಈಗ ಮನೆಗೆ ಬಂದವನೇ ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಡುತ್ತಿದ್ದೆ. ನಿದ್ದೆಯೂ ಬಂತು. ಚಿಂತೆ ಮಾಡಬೇಕೆಂದು ಮಲಗಿದರೆ ಒಂದನೆಯ ಚಿಂತೆ ಮುಗಿಯುವ ಮೊದಲೇ ಬೆಳಗಾಗಿರುತ್ತಿತ್ತು. ಇದು ಒಳ್ಳೆಯ ಲಕ್ಷಣವೋ ಏನಾದರೂ ಕಾಯಿಲೆಯೋ ಎಂದು ಆಮೇಲೆ ಹಗಲಿನಲ್ಲಿ ಕೂತು ಯೋಚಿಸುತ್ತಿದ್ದೆ.

ವಸ್ತಾದರದು ಒಂದೇ ಕಟ್ಟಪ್ಪಣೆ. "ಎದಿ ಎತ್ತಿ ನಿಲ್ಲು. ಉಣ್ಣಾಗ, ನಡಿವಾಗ, ಕುಂತಾಗ, ಯಾವಾಗ್ಲೂ. ಪೈಲ್ವಾನ ಆದಂವ ಯಾರ್ ಮುಂದನೂ ಎದಿ ಇಳಸಬಾರ್ದು. ಉಸರು ಹೊಟ್ಟ್ಯಾಗ ಆಡಲಿ, ಎದಿ ಹಂಗ ಇರ್ಲಿ." ಹೇಳಿದ ಮಾತನ್ನು ಕೇಳುವ ಜಾತಿ ನಾನು. ಎದೆ ಎತ್ತಿದೆ, ಮತ್ತೆ ಇಳಿಸಲಿಲ್ಲ. ಪೇಟೆಯಲ್ಲಿ ಹಾಗೆಯೇ ನಡೆದೆ, ದೇವಸ್ಥಾನದಲ್ಲಿ ಹಾಗೆಯೇ ಕೈ ಮುಗಿದೆ. ಪರಿಚಯದವರು ಬೆನ್ನು ಹಿಡಿದುಕೊಂಡಿದೆಯೇ ಎಂದು ಕೇಳಿ ನೋವಿನೆಣ್ಣೆಯ ಹೆಸರು ಹೇಳುತ್ತಿದ್ದರು. ದರ್ಜಿ ಮಾತ್ರ ಒಂದು ದಿನ ಅಂಗಡಿಯಿಂದ ಇಳಿದು ಬಂದು, ಟೇಪು ಸುತ್ತಿ, "ಮೂವತ್ತೊಂದೂವರೆ" ಎಂದು ಕಟ್ಟೆಯವರಿಗೆಲ್ಲ ಸಾರಿದ. ಆ ದಿನ ನಾನು ಮನೆಗೆ ಹೋದದ್ದು ಹತ್ತಿರದ ದಾರಿಯಿಂದಲ್ಲ, ಪೇಟೆ ಸುತ್ತಿ.

ನಡಿಗೆ ಯಾವಾಗ ಕಲಿಸುತ್ತೀರಿ ಎಂದು ಕೇಳಿದ್ದಕ್ಕೆ, "ನಡಿಯೂದು ಏನ್ ಕಲಸೂದೋ, ಎಮ್ಮಿನೂ ನಡೀತಾವ" ಎಂದು ಗದರಿದ್ದರು. ಆದರೆ ಮಳೆ ಹಿಂದೆಗೆದ ಮೇಲೆ, ಅಕ್ಕಿ ತರಲು ಊರಿಗೆ ಗಾಡಿ ಹೊಡೆದುಕೊಂಡು ಹೋಗುವಾಗ ನನ್ನನ್ನೂ ಕರೆದರು. ಅವರು ಗಾಡಿಯಲ್ಲಿ, ನಾನು ನೆಲದಲ್ಲಿ. ಎತ್ತಿನ ನಡಿಗೆ ನಿಧಾನ, ಅದರ ಸಂಗಡ ನಡೆದರೆ ಏನೂ ಆಗುವುದಿಲ್ಲ ಎಂದು ಒಂದು ಉಪಾಯ ಮಾಡಿದರು. ಮುಂದೆ ಕಾಣುವ ಮರವನ್ನು ಬಿರುಸಾಗಿ ಹೋಗಿ ಮುಟ್ಟಿ, ಗಾಡಿಗೆ ತಿರುಗಿ ಬಂದು, ಮತ್ತೆ ಅದರ ಮುಂದಿನ ಮರಕ್ಕೆ ಹೋಗಬೇಕು. ಗಾಡಿ ಒಂದು ಮೈಲಿ ಹೋದರೆ ನಾನು ಮೂರು. ಎದುರು ಬಂದ ರೈತನೊಬ್ಬ ನಾನು ಅತ್ತ ಇತ್ತ ಓಡಾಡುವುದನ್ನು ಸ್ವಲ್ಪ ಹೊತ್ತು ನೋಡಿ, "ಏನ್ ಕಳಕೊಂಡೀರ್ರಿ?" ಎಂದು ಕೇಳಿ ತಾನೂ ರಸ್ತೆಯಲ್ಲಿ ಹುಡುಕತೊಡಗಿದ. ವಸ್ತಾದರು ಗಾಡಿಯ ಮೇಲಿಂದ, "ಹುಬ್ಬಳ್ಳಿ ಖಾನಾವಳಿ ಕಳಕೊಳ್ಳಾಕ ಹತ್ಯಾನ್ರಿ ಅಂವ, ನೀವು ನಡೀರಿ" ಎಂದರು.

ಗುಡ್ನಾಪುರದ ಕೆರೆಯಲ್ಲಿ ಇಳಿದಾಗ ಆದ ಸುಖವನ್ನು ಹೇಗೆ ಬರೆಯಲಿ. ಕಾಲು ಉರಿಯುತ್ತಿದ್ದವು. ನೀರು ತಣ್ಣಗಿತ್ತು. ಮೊಣಕಾಲಿನವರೆಗೆ ಹೋಗಿ ನಿಂತೆ, ಮುಳುಗಿದರೆ ಏನು ಗತಿ ಎಂಬ ಯೋಚನೆ ಬರಲಿಲ್ಲ. ಸೊಂಟದವರೆಗೆ ಹೋದೆ, ಆಗಲೂ ಬರಲಿಲ್ಲ. ಕುತ್ತಿಗೆಯವರೆಗೆ ಹೋದಾಗ ಬಂತು, ಹಿಂದೆ ಬಂದೆ. ಆದರೆ ಅಷ್ಟು ದೂರ ಚಿಂತೆಯಿಲ್ಲದೆ ನಾನು ಎಲ್ಲಿಯೂ ಹೋದವನಲ್ಲ.

ವಸ್ತಾದರ ಹೆಂಡತಿ ನನ್ನನ್ನು ನೋಡಿ ಗಂಡನ ಮೇಲೆ ಹರಿಹಾಯ್ದರು. "ಇಷ್ಟ್ ಬಡಕ್ ಹುಡುಗನ್ನ ನಡಸ್ಕೊಂಡ್ ಬಂದೀರಲ್ಲಾ, ಗಾಡ್ಯಾಗ ಜಾಗಾ ಇರ್ಲಿಲ್ಲೇನು? ಗಾಡಿ ತುಂಬ ನೀವ ಕುಂತಿದ್ರೇನು?" ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಬಡಿಸಿದರು. ನಾನು ಎಷ್ಟು ತಿಂದೆನೆಂದು ಲೆಕ್ಕ ಇಡಲಿಲ್ಲ. ಬೇರೆಯವರ ಮನೆಯಲ್ಲಿ ಉಂಡ ವಿಷಯವನ್ನು ಆ ಕಾಲದಲ್ಲಿ ನಮ್ಮ ಕೇರಿಯಲ್ಲಿ ಹೇಳುವ ಹಾಗಿರಲಿಲ್ಲ. ನಾನು ಹೇಳಲಿಲ್ಲ. ಆಯಿಯೂ ಕೇಳಲಿಲ್ಲ, ಆದರೆ ಮುಂದಿನ ಸಲ ಗಾಡಿ ಹೊರಟಾಗ ಆ ಮನೆಗೆಂದು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟಳು.

ನವರಾತ್ರಿ ಮುಗಿದ ವಾರ ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಡಿಪೋದ ಅಂಗಳದಲ್ಲಿ ನಾಟಾ ರಾಶಿಗಳ ನಡುವೆ ನಾವು ಹನ್ನೊಂದು ಜನ ಅಂಗಿ ಬಿಚ್ಚಿ ಸಾಲಾಗಿ ನಿಂತೆವು. ರೇಂಜರ್ ಸಾಹೇಬರು ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಕುರ್ಚಿಯಲ್ಲಿ ಕೂತಿದ್ದರು. ಟೇಪು ಹಿಡಿದವನು ಅವರ ಗುಮಾಸ್ತ. ಬೇಲಿಯ ಹೊರಗೆ ವಸ್ತಾದರು ಇಸ್ತ್ರಿ ಮಾಡಿದ ಅಂಗಿ, ಜರಿ ರುಮಾಲು ಹಾಕಿಕೊಂಡು, ಮಗನ ಮದುವೆಗೆ ಬಂದವರ ಹಾಗೆ ನಿಂತಿದ್ದರು.

ನನ್ನ ಸರದಿ ಬಂತು. ಗುಮಾಸ್ತ ಟೇಪು ಸುತ್ತಿದ. "ಮೂವತ್ತೆರಡು."

ಬೇಲಿಯ ಆಚೆ ಗಂಟಲು ಸರಿಮಾಡಿಕೊಂಡ ಸದ್ದು ಕೇಳಿತು.

"ಈಗ ಉಸಿರು ತುಂಬು."

ತುಂಬಿದೆ.

"ಮೂವತ್ತೆರಡು" ಎಂದ ಗುಮಾಸ್ತ. "ತುಂಬಯ್ಯಾ."

"ತುಂಬಿದ್ದೇನೆ."

"ಎಲ್ಲಿಗೆ ತುಂಬಿದೆ?"

ಸಾಹೇಬರು ಕುರ್ಚಿಯಿಂದ ಮುಂದೆ ಬಾಗಿದರು. "ಮೊದಲು ಉಸಿರು ಪೂರ್ತಿ ಬಿಡಪ್ಪಾ. ಆಮೇಲೆ ತಗೋ." ನಾನು ಬಿಟ್ಟೆ. ಹೊಟ್ಟೆ ಒಳಗೆ ಹೋಯಿತು, ಎದೆ ಇದ್ದಲ್ಲೇ ಇತ್ತು. ಎರಡೂವರೆ ತಿಂಗಳು ಹಗಲೂ ರಾತ್ರಿ ಎತ್ತಿ ಹಿಡಿದ ಎದೆ. ಮೇಲಾಗಿ ಹೆದರಿಕೆ. ಹೆದರಿದಷ್ಟೂ ಅದು ಮೇಲೇ ಸೆಟೆಯುತ್ತಿತ್ತು. ಗುಮಾಸ್ತ ಮೂರು ಸಲ ನೋಡಿದ. ಮೂರು ಸಲವೂ ಮೂವತ್ತೆರಡು, ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ.

ವಸ್ತಾದರಿಗೆ ಇನ್ನೂ ಸಂಗತಿ ಹೊಳೆದಿರಲಿಲ್ಲ. ಬೇಲಿಯ ಮೇಲಿಂದ ಹೆಮ್ಮೆಯಿಂದ, "ಆ ಎದಿ ಇಳಿಯೂದಿಲ್ರಿ ಸಾಹೇಬ್ರ. ನಾನ ಕಟ್ಟೀನ್ರಿ ಅದನ್ನ" ಎಂದರು.

ಸಾಹೇಬರು ಅವರ ಕಡೆ ನೋಡಿದರು. "ಇಳಿಯದೇ ಇದ್ರೆ ಏರೋದು ಹೇಗೆ ಸ್ವಾಮಿ?"

ವಸ್ತಾದರ ಮುಖ ಆಗ ಹೇಗಾಯಿತೆಂಬುದನ್ನು ನಾನು ಮರೆತಿಲ್ಲ. ನೋಟೀಸನ್ನು ನಾನು ಓದಿ ಹೇಳಿದ್ದೆ, ಅವರು ಕಣ್ಣು ಮುಚ್ಚಿ ಕೇಳಿದ್ದರು. ಇಬ್ಬರಿಗೂ ಮೂವತ್ತೊಂದು ಎಂಬುದು ಕೇಳಿಸಿತ್ತು, ಎರಡು ಎಂಬುದು ಕೇಳಿಸಿತ್ತು. ಟೇಪಿಗೆ ಬೇಕಾದದ್ದು ದೊಡ್ಡ ಎದೆಯಲ್ಲ, ಓಡಾಡುವ ಎದೆ ಎಂಬುದು ಒಬ್ಬರಿಗೂ ತಲೆಗೆ ಹೋಗಿರಲಿಲ್ಲ. ಅವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಸಾಹೇಬರು ಒಳ್ಳೆಯ ಮನುಷ್ಯ. "ನಡೆಯೋರ ಪಟ್ಟಿಯಲ್ಲಿ ಇದ್ದೀಯ, ನಡೆದು ಬಾ. ಬಂದ ಮೇಲೆ ಇನ್ನೊಂದು ಸಲ ಅಳೆಸ್ತೀನಿ. ಆಗಲೂ ಹೀಗೇ ಇದ್ರೆ ನನ್ನ ಕೈಲೇನೂ ಇಲ್ಲಪ್ಪಾ" ಎಂದರು.

ಯಲ್ಲಾಪುರ ರಸ್ತೆಯಲ್ಲಿ ಎಂಟನೆಯ ಮೈಲಿಗಲ್ಲಿನವರೆಗೆ ಹೋಗಿ ತಿರುಗಿ ಬರಬೇಕು. ಅಲ್ಲಿ ಕೂತಿರುವ ಗಾರ್ಡು ಕೈಗೆ ಮೊಹರು ಹಾಕುತ್ತಾನೆ ಎಂದರು. ಅರಣ್ಯ ಇಲಾಖೆಯವರು ಮರದ ದಿಮ್ಮಿಗೆ ಸುತ್ತಿಗೆಯಿಂದ ಮೊಹರು ಹೊಡೆಯುವುದನ್ನು ನಾನು ನೋಡಿದ್ದೆ. ಮೊದಲ ಎರಡು ಮೈಲಿ ಅದೇ ಚಿಂತೆಯಲ್ಲಿ ಕಳೆಯಿತು. ಅಷ್ಟರಲ್ಲಿ ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿತು. ವಸ್ತಾದರು ಬಾಡಿಗೆ ಸೈಕಲ್ಲು ಹತ್ತಿ ಬರುತ್ತಿದ್ದರು. ಸೈಕಲ್ಲು ಅವರ ಕೆಳಗೆ ಎಲ್ಲೋ ಇತ್ತು.

"ಎದಿ ಇಳಸೋ ತಮ್ಮಾ" ಎಂದರು, ಪಕ್ಕಕ್ಕೆ ಬಂದು.

"ಇಳಿಯೋದಿಲ್ಲ ವಸ್ತಾದರೇ."

"ನಾ ಹೇಳಾಕ ಹತ್ತೇನಿ, ಇಳಸು. ಭುಜಾ ಜೋತುಬಿಡು. ಮೊದಲ ಹೆಂಗ ಇದ್ದಿ ಹಂಗ ಆಗು. ನನ್ನ ಅಂಗಡಿಗೆ ಬಂದಾಗ ಹೆಂಗ ನಿಂತಿದ್ದಿ, ತೊಯ್ಸಿದ ಕೋಳಿ ನಿಂತಂಗ?"

ಎಷ್ಟು ಯತ್ನಿಸಿದರೂ ಹಾಗೆ ನಿಲ್ಲುವುದು ನನಗೆ ಮರೆತುಹೋಗಿತ್ತು. ಎರಡು ಮೈಲಿ ಅವರು ಬೈಯುತ್ತ ಬಂದರು, ನಾನು ಬೈಸಿಕೊಳ್ಳುತ್ತ ನಡೆದೆ. ನಾಲ್ಕನೆಯ ಕಲ್ಲಿನ ಹತ್ತಿರ ಹಿಂದಿನ ಗಾಲಿ ಢಬ್ ಎಂದಿತು. "ನೀ ನಡಿ, ನನ್ ನೋಡಬ್ಯಾಡ" ಎಂದು ಅವರು ಮೋರಿಕಟ್ಟೆಯ ಮೇಲೆ ಕೂತರು.

ಎಂಟನೆಯ ಕಲ್ಲಿನಲ್ಲಿ ಗಾರ್ಡು ಸುತ್ತಿಗೆ ತಂದಿರಲಿಲ್ಲ, ಟಪಾಲು ಕಚೇರಿಯಂಥ ಸಣ್ಣ ರಬ್ಬರ್ ಮೊಹರು. ಕೈಗೆ ಒತ್ತಿಸಿಕೊಂಡು ತಿರುಗಿದೆ. ಮೋರಿಕಟ್ಟೆಗೆ ಬಂದಾಗ ವಸ್ತಾದರು ಇನ್ನೂ ಅಲ್ಲೇ ಇದ್ದರು. ನನ್ನ ಹತ್ತಿರ ಗಡಿಯಾರವಿರಲಿಲ್ಲ, ಅವರ ಹತ್ತಿರವೂ ಇರಲಿಲ್ಲ. "ಹೊತ್ತು ಎಷ್ಟಾಗಿರಬಹುದು?" ಎಂದು ನಡೆಯುತ್ತಲೇ ಕೇಳಿದೆ.

ಅವರು ಹಣೆಗೆ ಕೈ ಹಿಡಿದು ಸೂರ್ಯನನ್ನು ನೋಡಿದರು. "ಬಾಳ ಆಗೈತಿ ತಮ್ಮಾ."

ಉಳಿದದ್ದು ನಾಲ್ಕು ಮೈಲಿ. ಓಡಬಾರದೆಂದು ಯಾರೂ ಹೇಳಿರಲಿಲ್ಲ. ನಾನು ಓಡಿದೆ. ಮಾವನ ಕಾರ್ಡು, ಈರುಳ್ಳಿ, ರುಬ್ಬುವ ಕಲ್ಲು ಎಲ್ಲವೂ ನನ್ನ ಹಿಂದೆ ಓಡಿ ಬರುತ್ತಿದ್ದವು. ಪೇಟೆಗೆ ಬಂದಾಗ ದಾರಿಯಲ್ಲಿದ್ದವರು ಬದಿಗೆ ಸರಿದರು. ಎಲ್ಲಿ ಬೆಂಕಿ ಬಿದ್ದಿದೆ ಎಂದು ಯಾರೋ ಕೇಳಿದರು. ಡಿಪೋದ ಅಂಗಳಕ್ಕೆ ಬಂದು ಸಾಹೇಬರ ಕುರ್ಚಿಯ ಮುಂದೆ ನಿಂತೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲರೂ ಬಂದು ಹೋಗಿಯಾಯಿತು ಎಂದುಕೊಂಡೆ.

ಸಾಹೇಬರು ಕೈಗಡಿಯಾರ ನೋಡಿದರು. "ಇನ್ನೂ ಅರ್ಧ ಗಂಟೆ ಮೇಲಿದೆಯಲ್ಲಪ್ಪಾ. ನಿನ್ನನ್ನ ಯಾರು ಅಟ್ಟಿಸಿಕೊಂಡು ಬಂದ್ರು?"

ಉತ್ತರ ಕೊಡಲು ನನಗೆ ಉಸಿರಿರಲಿಲ್ಲ. ಇದ್ದ ಉಸಿರೆಲ್ಲ ಕಮ್ಮಾರನ ತಿದಿಯ ಹಾಗೆ ಒಳಗೂ ಹೊರಗೂ ಓಡಾಡುತ್ತಿತ್ತು. ಸಾಹೇಬರು ಒಂದು ಕ್ಷಣ ನನ್ನನ್ನೇ ನೋಡಿ, ಚಟ್ಟನೆ ಗುಮಾಸ್ತನ ಕಡೆ ತಿರುಗಿ, "ಅಳೀರಿ, ಅಳೀರಿ. ಅವನಿಗೆ ಹೆದರಿಕೊಳ್ಳೋಕೆ ಪುರಸೊತ್ತು ಸಿಗೋ ಮೊದಲು ಅಳೀರಿ" ಎಂದರು.

ಗುಮಾಸ್ತ ಟೇಪು ಸುತ್ತಿದ. "ಸ್ವಲ್ಪ ನಿಲ್ಲಯ್ಯಾ. ಟೇಪು ಕೈಯಲ್ಲಿ ನಿಲ್ತಾ ಇಲ್ಲ."

"ನಿಲ್ಲೋದು ಬೇಡ. ಕೆಳಗೆ ಎಷ್ಟು?"

"ಮೂವತ್ತೊಂದು."

"ಮೇಲೆ?"

"ಮೂವತ್ತ್ಮೂರು. ಅಲ್ಲ, ಕಾಲು. ಮೂವತ್ತ್ಮೂರೂ ಕಾಲು."

ಸಾಹೇಬರು ಬರೆದುಕೊಂಡರು. ಬರೆದದ್ದರ ಕೆಳಗೆ ಒಂದು ಗೆರೆ ಎಳೆದರು. ಆ ಗೆರೆಯನ್ನು ನೋಡಿ ನಾನು ನೆಲದ ಮೇಲೆ ಕೂತುಬಿಟ್ಟೆ.

ವಸ್ತಾದರು ಸೈಕಲ್ಲು ತಳ್ಳಿಕೊಂಡು ಬರುವಷ್ಟರಲ್ಲಿ ಉಳಿದವರೆಲ್ಲ ಬಂದು ಮುಗಿದಿತ್ತು. ರುಮಾಲು ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿತ್ತು. ಬೇಲಿಯ ಹೊರಗೇ ನಿಂತರು, ಒಳಗೆ ಬರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸಾಹೇಬರೇ ಕೂಗಿ ಹೇಳಿದರು, "ಸ್ವಾಮಿ, ನಿಮ್ಮ ಎದೆ ಇಳೀತು. ಏರಿತು ಕೂಡ."

"ಹೆಂಗ್ರಿ?"

ನಾನು ಎದ್ದು ಹೋಗಿ ಹೇಳಿದೆ. ಹೊತ್ತು ಮೀರಿದೆ ಎಂದು ಅವರು ಹೇಳಿದ್ದು, ನಾನು ಓಡಿದ್ದು, ಏದುಸಿರಿನಲ್ಲಿ ಅಳೆದದ್ದು. ಅವರು ಪೂರ್ತಿ ಕೇಳಿ ಮೀಸೆ ಒರೆಸಿಕೊಂಡರು. "ಮತ್ತ? ನಾ ಏನ್ ಸುಮ್ನ ಹೇಳಿದ್ನೇನು ಹೊತ್ತಾಗೈತಿ ಅಂತ? ಬೇಕಂತನ ಹೇಳೀನಿ" ಎಂದರು. ಇಷ್ಟು ವರ್ಷ ಕಾಡಿನಲ್ಲಿ ನಡೆದು, ಈಗ ನಲವತ್ತೇಳನೆಯ ವಯಸ್ಸಿನಲ್ಲಿ, ಅದು ನಿಜವೋ ಸುಳ್ಳೋ ಎಂದು ನಾನು ಆಗಾಗ ಯೋಚಿಸುತ್ತೇನೆ. ಸೂರ್ಯನನ್ನು ನೋಡಿ ಹೊತ್ತು ಹೇಳುವುದರಲ್ಲಿ ಆ ಮನುಷ್ಯ ಬೇರೆ ಯಾವ ದಿನವೂ ತಪ್ಪಿದ್ದನ್ನು ನಾನು ಕಾಣೆ.

ಕುಸ್ತಿ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತಿಸುವುದು ಗರಡಿಯವರ ಪದ್ಧತಿ. ವಸ್ತಾದರು ಸೈಕಲ್ಲನ್ನು ಬೇಲಿಗೆ ಒರಗಿಸಿ ಒಳಗೆ ಬಂದವರೇ, ನಾನು ಬೇಡ ಬೇಡ ಎನ್ನುತ್ತಿದ್ದಂತೆ, ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಡಿಪೋ ಸುತ್ತತೊಡಗಿದರು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುಮಾಸ್ತ ಟೇಪು ಬೀಸಿದ. ಅಷ್ಟು ಎತ್ತರದಿಂದ ತೇಗದ ರಾಶಿಗಳು, ಹೆಂಚಿನ ಮಾಡುಗಳು, ಪೇಟೆಯ ಆಚೆಗಿನ ಹಸಿರು ಎಲ್ಲ ಕಾಣುತ್ತಿತ್ತು. ವಸ್ತಾದರಿಗೆ ವಯಸ್ಸಾಗಿದೆ, ನಾಲ್ಕು ಮೈಲಿ ಬರಿಗಾಲಲ್ಲಿ ಸೈಕಲ್ಲು ತಳ್ಳಿ ಬಂದಿದ್ದಾರೆ, ಕಾಲು ಜಾರಿದರೆ ಇಬ್ಬರೂ ಹೋದೆವು, ನೌಕರಿಗೆ ಸೇರುವ ಮೊದಲೇ ಕೈ ಮುರಿದರೆ ಇವರು ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದೆಲ್ಲ ನನಗೆ ತೋಚಿತು. ತೋಚಿದರೂ ಇನ್ನೊಂದು ಸುತ್ತು ಎಂದು ಅವರು ಕೇಳಿದಾಗ, ಹೂಂ ಎಂದೆ.